ಓದಲು ಬರುತ್ತದೆ, ಪಾಠದ ಆಕಾರ ಕಾಣುವುದಿಲ್ಲ. ನಾಲ್ಕು, ಐದನೇ ತರಗತಿಯಲ್ಲಿ ನೀವು ಏನು ಮಾಡುತ್ತಿದ್ದೀರಿ?

ಗೂಡಿನೂರು ಟೀಚರ್

ಎಲ್ಲರಿಗೂ ನಮಸ್ಕಾರ. ರಾಮನಗರ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ, ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಒಂದು ವಿಷಯ ತುಂಬಾ ದಿನದಿಂದ ಕಾಡುತ್ತಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಹೋದ ತಿಂಗಳು ಐದನೇ ತರಗತಿಯ ಒಬ್ಬ ಹುಡುಗಿಗೆ ಕೆರೆಯ ಬಗ್ಗೆ ಒಂದು ಪುಟ ಓದಲು ಕೊಟ್ಟೆ. ಎಲ್ಲೂ ತಡವರಿಸಲಿಲ್ಲ. ಒತ್ತಕ್ಷರ ಎಲ್ಲಾ ಸರಿಯಾಗಿ ಹೇಳಿದಳು. ಆಮೇಲೆ "ಕೆರೆ ಯಾಕೆ ಬತ್ತಿತು?" ಅಂತ ಕೇಳಿದೆ. ಬೆರಳು ಇಟ್ಟು ಹುಡುಕಿದಳು, "ಕೆರೆ ಬತ್ತಿತು" ಅನ್ನುವ ಸಾಲು ಸಿಕ್ಕಿತು, ಅದನ್ನೇ ನನಗೆ ಓದಿ ಹೇಳಿದಳು. ಕಾರಣ ಎರಡು ಸಾಲು ಮೇಲೆ ಇತ್ತು. "ಕಾಲುವೆಯಲ್ಲಿ ಹೂಳು ತುಂಬಿದ್ದರಿಂದ ಮಳೆ ನೀರು ಬರುವುದು ನಿಂತಿತು." ಆ ಸಾಲನ್ನೂ ಅವಳೇ ಓದಿದ್ದಳು. ಆದರೆ ಪ್ರಶ್ನೆಯಲ್ಲಿರುವ ಪದ ಯಾವ ಸಾಲಿನಲ್ಲಿದೆಯೋ ಅದೇ ಉತ್ತರ ಅಂತ ನಮ್ಮ ಮಕ್ಕಳು ಕಲಿತುಬಿಟ್ಟಿದ್ದಾರೆ. ನಾವೇ ಕಲಿಸಿದ್ದೇವೆ ಅನ್ನಿ. ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆದು ಬರೆದು.

ಇನ್ನೊಬ್ಬ ಹುಡುಗ. ಪುಸ್ತಕದಲ್ಲಿ ಬೆಳೆಗಳ ಒಂದು ಕೋಷ್ಟಕ ಇತ್ತು. ಅದನ್ನು ಕಥೆ ಓದಿದ ಹಾಗೆ ಓದಿದ. "ಬೆಳೆ ಬಿತ್ತನೆ ಕಟಾವು ರಾಗಿ ಜೂನ್ ನವೆಂಬರ್..." ಹೀಗೆ ಒಂದೇ ಉಸಿರು. ಅಡ್ಡ ಸಾಲು ಉದ್ದ ಸಾಲು ಸೇರುವ ಕಡೆ ಉತ್ತರ ಇರುತ್ತದೆ ಅಂತ ಯಾರೂ ಅವನಿಗೆ ತೋರಿಸಿಲ್ಲ.

ಒಂದು ತರಬೇತಿಯಲ್ಲಿ ಸಿಕ್ಕ ಚಾರ್ಟು ತಂದು ಹಾಕಿದೆ. ಬರಹದಲ್ಲಿ ಐದು ಬಗೆ: ವಿವರಣೆ, ಕ್ರಮ, ಹೋಲಿಕೆ, ಕಾರಣ-ಪರಿಣಾಮ, ಸಮಸ್ಯೆ-ಪರಿಹಾರ. ಪ್ರತಿಯೊಂದರ ಮುಂದೆ ಗುರುತಿನ ಪದಗಳು. ಮೊದಲನೆಯದಾಗಿ, ಎರಡನೆಯದಾಗಿ, ಆದರೆ, ಮತ್ತೊಂದೆಡೆ, ಏಕೆಂದರೆ, ಇದರ ಪರಿಣಾಮವಾಗಿ. ಮಕ್ಕಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದರು. ಖುಷಿಯಾಯಿತು. ಆಮೇಲೆ ಪುಸ್ತಕ ತೆಗೆದು ಆ ಪದಗಳನ್ನು ಹುಡುಕಿ ಅಂದೆ. ಒಂದೂವರೆ ಪುಟದ ಪಾಠದಲ್ಲಿ ಸಿಕ್ಕಿದ್ದು ಎರಡು "ಆದರೆ". ಅದರಲ್ಲಿ ಒಂದು "ಮಳೆ ಚೆನ್ನಾಗಿ ಆದರೆ" ಅನ್ನುವುದು. ಹೋಲಿಕೆ ಅಲ್ಲವೇ ಅಲ್ಲ.

ಆವತ್ತು ಕೂತು ಆ ಪಾಠವನ್ನು ಮತ್ತೆ ಓದಿದೆ. ಪಾಠದಲ್ಲಿ ಕಾರಣ ಇತ್ತು, ಕ್ರಮ ಇತ್ತು, ಹೋಲಿಕೆಯೂ ಇತ್ತು. ಚಾರ್ಟಿನ ಪದಗಳು ಮಾತ್ರ ಇರಲಿಲ್ಲ. ಕನ್ನಡದಲ್ಲಿ ಇವೆಲ್ಲ ಪದದ ಬಾಲದಲ್ಲಿ ಇರುತ್ತವೆ, ಅಲ್ವಾ? "ತುಂಬಿದ್ದರಿಂದ" ಅನ್ನುವುದರಲ್ಲಿ "ದ್ದರಿಂದ" ಇದ್ದರೆ ಅಲ್ಲಿ ಕಾರಣ. "ಕೆರೆಗಿಂತ ಬಾವಿ ಆಳ" ಅಂದರೆ "ಗಿಂತ" ಹೋಲಿಕೆ. "ಅಕ್ಕಿ ತೊಳೆದು, ನೆನೆಸಿ, ರುಬ್ಬಿ" ಅಂದರೆ ಮೂರು ಹೆಜ್ಜೆ ಮುಗಿದೇ ಹೋಯಿತು. ಮೊದಲು, ನಂತರ, ಕೊನೆಗೆ ಅನ್ನುವ ಒಂದು ಪದವೂ ಬೇಕಾಗಲಿಲ್ಲ.

ನಮ್ಮ ಮಕ್ಕಳಿಗೆ ನಮ್ಮ ಭಾಷೆಯ ಗುರುತುಗಳನ್ನೇ ತೋರಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತಿದೆ. ನೀವು ಯಾರಾದರೂ ಹೀಗೆ ಪ್ರಯತ್ನ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಿದಿರಿ?

ಮಲೆನಾಡ ಮಿಸ್

ಮೇಡಂ, ನೀವು ಹೇಳಿದ ಕೋಷ್ಟಕದ ಹುಡುಗ ನಮ್ಮ ಶಾಲೆಯಲ್ಲೂ ಇದ್ದಾನೆ. ಒಬ್ಬನಲ್ಲ, ಎಂಟು ಜನ.

ನಾನು ಗೋಡೆ ಕ್ಯಾಲೆಂಡರಿನಿಂದ ಶುರು ಮಾಡಿದೆ. ಪ್ರತಿ ಮನೆಯಲ್ಲೂ ಇರುತ್ತದೆ. ಹಳೆಯದನ್ನು ತನ್ನಿ ಅಂದೆ. ಮೇಲೆ ತಿಂಗಳು, ಪಕ್ಕದಲ್ಲಿ ವಾರ, ಕೆಂಪು ಅಂಕಿ ಅಂದರೆ ರಜೆ, ಸಣ್ಣ ಅಕ್ಷರದಲ್ಲಿ ತಿಥಿ ನಕ್ಷತ್ರ. "ಈ ತಿಂಗಳ ಎರಡನೇ ಶನಿವಾರ ಯಾವ ತಾರೀಕು?" ಅಂದರೆ ಎಲ್ಲರೂ ಬೆರಳು ಓಡಿಸುತ್ತಾರೆ. ಅಡ್ಡ ಹೋಗಿ, ಉದ್ದ ಇಳಿದು. ಇದೇ ಕೋಷ್ಟಕ ಓದುವುದು ಅಂತ ಆಮೇಲೆ ಹೇಳಿದೆ. ಮರುದಿನ ಪುಸ್ತಕದ ಕೋಷ್ಟಕ ತೆಗೆದಾಗ ಒಬ್ಬಳು "ಮಿಸ್ ಇದೂ ಕ್ಯಾಲೆಂಡರ್ ಥರಾನೇ" ಅಂದಳು. ಅಷ್ಟು ಸಾಕಾಯಿತು.

ಬಿತ್ತನೆ ಬೀಜದ ಪ್ಯಾಕೆಟ್, ಗೊಬ್ಬರದ ಚೀಲ, ಮಾತ್ರೆ ಪಟ್ಟಿ, ಬಸ್ಸಿನ ಬೋರ್ಡು ಎಲ್ಲಾ ಓದಿಸಿದೆ. ಗೊಬ್ಬರದ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಏನಿದೆ, ಸಣ್ಣ ಅಕ್ಷರದಲ್ಲಿ ಏನಿದೆ, ಯಾಕೆ ಹಾಗೆ ಹಾಕಿದ್ದಾರೆ ಅಂತ ಮಾತಾಡಿದೆವು. ದಪ್ಪ ಅಕ್ಷರ ಸುಮ್ನೆ ಚಂದಕ್ಕೆ ಇರುವುದಲ್ಲ, ಬರೆದವರು "ಇಲ್ಲಿ ನೋಡು" ಅಂತ ಕರೆಯುವುದು ಅಂತ ಗೊತ್ತಾದರೆ, ಪಾಠದಲ್ಲಿ ದಪ್ಪ ಅಕ್ಷರ ಕಂಡಾಗ ಮಗು ನಿಲ್ಲುತ್ತದೆ.

ಎರಡು ಮಕ್ಕಳ ಅಮ್ಮ

ನಾನು ಟೀಚರ್ ಅಲ್ಲ, ಬೆಂಗಳೂರಿನಲ್ಲಿ ಇರುವ ತಾಯಿ. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕನೇ ತರಗತಿ. ಅವಳ ಶಾಲೆಯಲ್ಲಿ ಇದಕ್ಕೆ ವರ್ಕ್‌ಶೀಟ್ ಕೊಡುತ್ತಾರೆ. ಒಂದು ಪ್ಯಾರಾ, ಕೆಳಗೆ ಐದು ಆಯ್ಕೆ, ಟಿಕ್ ಹಾಕು. ಅವಳಿಗೆ ಹತ್ತಕ್ಕೆ ಹತ್ತು ಬರುತ್ತದೆ. ಹೋದ ಭಾನುವಾರ ಕನ್ನಡ ಪೇಪರ್ ಕೊಟ್ಟು "ಈ ಫೋಟೋದಲ್ಲಿ ಯಾರಿದ್ದಾರೆ ಅಂತ ಎಲ್ಲಿ ಬರೆದಿದ್ದಾರೆ ಹೇಳು" ಅಂದೆ. ಸುದ್ದಿ ಪೂರ್ತಿ ಓದಲು ಶುರು ಮಾಡಿದಳು. ಫೋಟೋದ ಕೆಳಗಿನ ಸಾಲು ಅವಳ ಕಣ್ಣಿಗೆ ಬೀಳಲೇ ಇಲ್ಲ. ವರ್ಕ್‌ಶೀಟಿನಲ್ಲಿ "ಕ್ಯಾಪ್ಷನ್ ಎಂದರೇನು" ಅನ್ನುವುದಕ್ಕೆ ಅವಳೇ ಸರಿ ಉತ್ತರ ಬರೆದಿದ್ದಳು!

ಹೆಸರು ಗೊತ್ತಿದ್ದರೆ ಸಾಲದು ಅಂತ ಆವತ್ತು ಅರ್ಥವಾಯಿತು.

ಧಾರವಾಡದ ಅಕ್ಕೋರು

ಗೂಡಿನೂರು ಟೀಚರ್, ಬಾಲದ ಮಾತು ಭಾಳ ಛಲೋ ಹೇಳಿದಿರಿ. ಆದರೆ ಒಂದು ತೊಡಕು ಇದೆ ನೋಡ್ರಿ. ಬಾಲ ಒಂದೇ ಇದ್ದರೂ ಕೆಲಸ ಬೇರೆ ಬೇರೆ ಇರುತ್ತದೆ.

"ಹುಬ್ಬಳ್ಳಿಯಿಂದ ಬಂದ." "ಮಣ್ಣಿನಿಂದ ಮಾಡಿದ." "ಮಳೆಯಿಂದ ಬೆಳೆ ಹಾಳಾಯಿತು." ಮೂರರಲ್ಲೂ "ಇಂದ" ಇದೆ. ಕಾರಣ ಇರುವುದು ಮೂರನೆಯದರಲ್ಲಿ ಮಾತ್ರ. "ಇಂದ ಕಂಡರೆ ಕಾರಣ" ಅಂತ ಕಲಿಸಿದರೆ ಮಕ್ಕಳು ಹುಬ್ಬಳ್ಳಿಯನ್ನೂ ಕಾರಣ ಮಾಡುತ್ತಾರೆ.

ಹಾಗೇ "ಕಾಲು ತೊಳೆದು ಒಳಗೆ ಬಂದ", "ಕಾಲು ಜಾರಿ ಬಿದ್ದ". ಎರಡೂ ನೋಡಲು ಒಂದೇ ಥರ. ಮೊದಲನೆಯದು ಕ್ರಮ, ಎರಡನೆಯದು ಕಾರಣ. ನಾನು ಮಕ್ಕಳಿಗೆ ಒಂದು ಪರೀಕ್ಷೆ ಹೇಳಿಕೊಟ್ಟಿದ್ದೇನೆ. ಆ ಜಾಗಕ್ಕೆ "ದ್ದರಿಂದ" ಹಾಕಿ ಓದು. "ಕಾಲು ಜಾರಿದ್ದರಿಂದ ಬಿದ್ದ", ಸರಿ ಬರುತ್ತದೆ. "ಕಾಲು ತೊಳೆದಿದ್ದರಿಂದ ಒಳಗೆ ಬಂದ" ಅಂದರೆ ಅರ್ಥವೇ ಬದಲಾಗುತ್ತದೆ. ಮಕ್ಕಳಿಗೆ ಇದು ಆಟ ಆಗಿಬಿಟ್ಟಿದೆ. ಊಟದ ಸಾಲಿನಲ್ಲಿ ನಿಂತಾಗಲೂ ಆಡುತ್ತಾರೆ. "ತಟ್ಟೆ ತೊಳೆದು ಕೂತ", ಕ್ರಮ! "ಬಿಸಿಲು ತಾಗಿ ತಲೆ ನೋಯಿತು", ಕಾರಣ!

ಇನ್ನೊಂದು ಮಾತು. ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ. ನಮ್ಮ ಮಕ್ಕಳು "ಮಳಿ ಬರಲಿಲ್ಲ, ಅದಕ್ಕ ಬೆಳಿ ಒಣಗಿತು" ಅನ್ನುತ್ತಾರೆ. ಪುಸ್ತಕದಲ್ಲಿ "ಆದ್ದರಿಂದ", "ಹೀಗಾಗಿ" ಇರುತ್ತದೆ. ಅವರಿಗೆ ಕಾರಣ ಗೊತ್ತಿದೆ. ಆ ಪದ ತಮ್ಮ "ಅದಕ್ಕ"ನ ಅಣ್ಣ ಅಂತ ಗೊತ್ತಿಲ್ಲ. ಅದಕ್ಕೆ ನಾನು ಗೋಡೆಯ ಮೇಲೆ ಜೋಡಿ ಬರೆದು ಹಾಕಿದ್ದೇನೆ. ಎಡಕ್ಕೆ ಮನೆಯ ಮಾತು, ಬಲಕ್ಕೆ ಪುಸ್ತಕದ ಮಾತು.

ಕರಾವಳಿ ಹುಡುಗ

ಅಕ್ಕೋರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಮನೆಯಲ್ಲಿ ತುಳು. ಮಕ್ಕಳಿಗೆ "ಅಂಚಾದ್" ಅಂದರೆ ತಕ್ಷಣ ಗೊತ್ತಾಗುತ್ತದೆ. "ಆದ್ದರಿಂದ" ಅಂದರೆ ಪುಸ್ತಕದ ಪದ. ಗೋಡೆಯ ಜೋಡಿ ಪಟ್ಟಿಗೆ ನಾಳೆಯೇ ಮೂರನೇ ಸಾಲು ಸೇರಿಸುತ್ತೇನೆ.

ಕೋಲಾರ ಮೇಷ್ಟ್ರು

ನಮ್ಮಲ್ಲಿ ಅರ್ಧ ಮಕ್ಕಳ ಮನೆ ಮಾತು ತೆಲುಗು, ಅಲ್ಲಿ "ಅಂದುಕೇ". ಅದನ್ನೇ ಹಿಡಿದು ಕಲಿಸಿದರೆ ಬೇಗ ಹತ್ತುತ್ತದೆ.

ಏಳನೇ ತರಗತಿಗೆ ನಾನು ಮಾಡಿದ್ದು ಹೇಳುತ್ತೇನೆ. ಸಮಸ್ಯೆ-ಪರಿಹಾರಕ್ಕೆ ನಮ್ಮ ಕೆರೆಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಪತ್ರಿಕೆಯಲ್ಲಿ ಬಂದ ಎರಡು ಬರಹ ಕತ್ತರಿಸಿ ತಂದೆ. ಒಂದರಲ್ಲಿ ಸಮಸ್ಯೆ ನೀರಿಲ್ಲದ್ದು, ಪರಿಹಾರ ಈ ನೀರು. ಇನ್ನೊಂದರಲ್ಲಿ ಈ ನೀರೇ ಸಮಸ್ಯೆ, ಇನ್ನೂ ಒಂದು ಹಂತ ಶುದ್ಧ ಮಾಡುವುದು ಪರಿಹಾರ. ಮಕ್ಕಳಿಗೆ ಎರಡೂ ಕೊಟ್ಟು "ಇದರಲ್ಲಿ ತೊಂದರೆ ಯಾವುದು, ಉಪಾಯ ಯಾವುದು, ಉಪಾಯದಿಂದ ಹೊಸ ತೊಂದರೆ ಬಂತಾ?" ಅಂತ ಮೂರು ಪ್ರಶ್ನೆ ಹಾಕಿದೆ.

ಆವತ್ತು ತರಗತಿಯಲ್ಲಿ ಜಗಳವೇ ಆಯಿತು. ಒಬ್ಬನ ಅಪ್ಪನ ಬೋರ್‌ವೆಲ್‌ಗೆ ನೀರು ಬಂದಿದೆ, ಇನ್ನೊಬ್ಬಳ ಮನೆಯಲ್ಲಿ ಆ ನೀರಿಗೆ ಹೆದರುತ್ತಾರೆ. ಆದರೆ ಇಬ್ಬರೂ ಬರಹದಲ್ಲಿ ಬೆರಳಿಟ್ಟು ತೋರಿಸಿ ಜಗಳ ಆಡಿದರು. "ಇಲ್ಲಿ 'ತಡೆಯಲು' ಅಂತ ಇದೆ ನೋಡು, ಇದು ಉಪಾಯ" ಅಂತ. ಆ "ಲು" ಬಾಲವನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವರೇ ಹಿಡಿದರು. "ಕುಡಿಯಲು, ತಡೆಯಲು, ಉಳಿಸಲು" ಅಂದರೆ ಯಾವುದೋ ಉದ್ದೇಶಕ್ಕೆ ಏನೋ ಮಾಡುತ್ತಿದ್ದಾರೆ ಅಂತ.

ನಿವೃತ್ತ ಶಿಕ್ಷಕ

ಮಕ್ಕಳೇ, ಮೂವತ್ತೈದು ವರ್ಷ ಪಾಠ ಮಾಡಿದವನು ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲವನ್ನೂ ಬಿಡಿಸಿ ಗುರುತು ಹಾಕುತ್ತಾ ಹೋದರೆ ಓದುವ ಖುಷಿ ಎಲ್ಲಿ ಉಳಿಯುತ್ತದೆ? ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವಾಗ ನಾನು ಯಾವತ್ತೂ "ಇದು ಸಮಸ್ಯೆ, ಇದು ಪರಿಹಾರ" ಅಂದವನಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಕ್ಷರ ಚೆನ್ನಾಗಿ ಬಂದು, ಕೈಗೆ ಪುಸ್ತಕ ಸಿಕ್ಕರೆ ಮಿಕ್ಕಿದ್ದು ತಾನೇ ಬರುತ್ತದೆ ಅನ್ನುವುದು ನನ್ನ ಅನುಭವ.

ಗೂಡಿನೂರು ಟೀಚರ್

ಸರ್, ನಿಮ್ಮ ಮಾತಿಗೆ ಗೌರವ ಇದೆ. ಕಥೆಯ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಕಥೆಯ ಆಕಾರ ಮಕ್ಕಳಿಗೆ ಅಜ್ಜಿಯಿಂದಲೇ ಬಂದಿರುತ್ತದೆ. "ಒಂದೂರಲ್ಲಿ" ಅಂದ ಕೂಡಲೇ ಒಬ್ಬರು ಬರುತ್ತಾರೆ, ಏನೋ ತೊಂದರೆ ಆಗುತ್ತದೆ, ಕೊನೆಗೆ ಏನೋ ಆಗುತ್ತದೆ ಅಂತ ಕಾಯುತ್ತಾರೆ. ಕಾಗಕ್ಕನ ಮನೆ ಮಳೆಗೆ ಕೊಚ್ಚಿಹೋದಾಗ, ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ ಅಂತ ಅವರಿಗೆ ಮೊದಲೇ ಗೊತ್ತು.

ಆದರೆ ಮಾಹಿತಿ ಪಾಠದ ಆಕಾರವನ್ನು ಯಾವ ಅಜ್ಜಿಯೂ ಹೇಳಿಕೊಟ್ಟಿರುವುದಿಲ್ಲ ಸರ್. ಮೂರನೇ ತರಗತಿಯವರೆಗೆ ನಲಿ-ಕಲಿ, ಅಂದರೆ ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕೆ. ಕಾರ್ಡು, ಹಾಡು, ಚಿಕ್ಕ ಚಿಕ್ಕ ಕಥೆ. ನಾಲ್ಕಕ್ಕೆ ಬಂದ ಕೂಡಲೇ ದಪ್ಪ ಪುಸ್ತಕ, ಉಪಶೀರ್ಷಿಕೆ, ನಕ್ಷೆ, ಕೋಷ್ಟಕ, "ಇದಕ್ಕೆ ಹೀಗೆನ್ನುತ್ತಾರೆ". ಅಲ್ಲೇ ನಮ್ಮ ಮಕ್ಕಳು ಎಡವುವುದು. ಓದುಬಾರದ ಮಕ್ಕಳಿಗಿಂತ, ಚೆನ್ನಾಗಿ ಓದುತ್ತಾ ಅರ್ಥ ಸಿಗದೆ ಸುಮ್ಮನೆ ಕೂರುವ ಮಕ್ಕಳೇ ನನಗೆ ಜಾಸ್ತಿ ಚಿಂತೆ. ಅವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯ ಓದಿನ ಪರೀಕ್ಷೆಯನ್ನೇ ನೋಡಿ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಆ ಕಥೆಯನ್ನು ಸರಾಗವಾಗಿ ಗಟ್ಟಿಯಾಗಿ ಓದಿದರೆ ಮಗು ಮೇಲಿನ ಹಂತ. ನನ್ನ ಕೆರೆ ಹುಡುಗಿ ಅದರಲ್ಲಿ ಪಾಸು.

ನಲಿಕಲಿ ಅಣ್ಣ

ನಲಿ-ಕಲಿ ವಿಷಯ ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಶುರುವಾದ ಕೆಲಸ ಅದು. ಅಲ್ಲಿಂದ ಬಂದ ಒಂದು ಆಸ್ತಿ ನಮ್ಮ ಮಕ್ಕಳ ಕೈಯಲ್ಲಿದೆ, ನಾವು ಅದನ್ನು ನಾಲ್ಕನೇ ತರಗತಿಯಲ್ಲಿ ಮರೆತುಬಿಡುತ್ತೇವೆ. ಕಲಿಕಾ ಏಣಿ! ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟು. ಏಣಿಯಲ್ಲಿ ತನ್ನ ಮೆಟ್ಟಿಲು ಎಲ್ಲಿದೆ ಅಂತ ಮಗು ತಾನೇ ಹುಡುಕುತ್ತದೆ. ಲೋಗೋ ನೋಡಿ, ಸಂಖ್ಯೆ ನೋಡಿ, ಸರಿಯಾದ ತಟ್ಟೆಯಿಂದ ಸರಿಯಾದ ಕಾರ್ಡು ತೆಗೆಯುತ್ತದೆ. ಆರು ವರ್ಷದ ಮಗು! ಚಿಹ್ನೆ ನೋಡಿ ದಾರಿ ಹುಡುಕುವುದು ಅವರಿಗೆ ಬರುತ್ತದೆ. ನಾಲ್ಕನೇ ತರಗತಿಯ ಮೊದಲ ವಾರ ನಾನು ಪುಸ್ತಕ ಕೊಟ್ಟು ಹೇಳುವುದು ಇಷ್ಟೇ. "ಇದು ನಿಮ್ಮ ಹೊಸ ಏಣಿ. ಪರಿವಿಡಿ ಏಣಿ, ಪುಟದ ಸಂಖ್ಯೆ ಮೆಟ್ಟಿಲು." ಆಮೇಲೆ ಓಟದ ಸ್ಪರ್ಧೆ. "ಹಕ್ಕಿಗಳ ಪಾಠ ಎಷ್ಟನೇ ಪುಟ? 'ಪದಗಳ ಅರ್ಥ' ಎಲ್ಲಿದೆ? ಚೌಕಟ್ಟಿನೊಳಗೆ ಬರೆದಿರುವ ವಿಷಯ ಒಂದು ಹುಡುಕಿ." ಒಂದು ವಾರ ಪಾಠ ಓದಿಸುವುದೇ ಇಲ್ಲ, ಪುಸ್ತಕದೊಳಗೆ ಓಡಾಡಿಸುತ್ತೇನೆ.

ನಿಘಂಟು ಮಾತ್ರ ಕಷ್ಟ. "ಕ್ಷಮೆ" ಹುಡುಕಿ ಅಂದರೆ ಎಲ್ಲರೂ ಕೊನೆಗೆ ಹೋಗುತ್ತಾರೆ. ವರ್ಣಮಾಲೆ ಚಾರ್ಟಿನಲ್ಲಿ ಕ್ಷ, ಜ್ಞ ಕೊನೆಗೆ ಹಾಕಿರುತ್ತಾರಲ್ಲ. ಅದು "ಕ" ಕೆಳಗೆ ಸಿಗುತ್ತದೆ, ಕಕಾರಕ್ಕೆ ಷ ಒತ್ತು ಅಂತ ಕೂತು ಬಿಡಿಸಿ ಹೇಳಬೇಕು.

ಟೆಕ್ಸಾಸ್ ಕನ್ನಡತಿ

ಇಲ್ಲಿ ಭಾನುವಾರ ಕನ್ನಡ ತರಗತಿ ನಡೆಸುತ್ತೇನೆ, ಅದಕ್ಕೆ ಈ ಚರ್ಚೆ ತುಂಬಾ ಹತ್ತಿರ ಅನಿಸಿತು. ಅಮೆರಿಕದಲ್ಲಿ ಇದನ್ನು ಪಠ್ಯಕ್ರಮದಲ್ಲೇ ಇಟ್ಟಿದ್ದಾರೆ. ಬಹಳಷ್ಟು ರಾಜ್ಯಗಳು ಒಪ್ಪಿಕೊಂಡ 2010ರ ಕಾಮನ್ ಕೋರ್ ಮಾನದಂಡದಲ್ಲಿ ಎರಡನೇ ತರಗತಿಗೆ ಅಡಿಬರಹ, ದಪ್ಪ ಅಕ್ಷರ, ಉಪಶೀರ್ಷಿಕೆ, ಪದಸೂಚಿ ಬಳಸುವುದು. ನಾಲ್ಕನೇ ತರಗತಿಗೆ ಬರಹದ ರಚನೆ ಕಾಲಕ್ರಮವೋ, ಹೋಲಿಕೆಯೋ, ಕಾರಣ-ಪರಿಣಾಮವೋ, ಸಮಸ್ಯೆ-ಪರಿಹಾರವೋ ಅಂತ ಹೇಳುವುದು. ನಮ್ಮ ಟೆಕ್ಸಾಸ್ ಅದಕ್ಕೆ ಸೇರಿಲ್ಲ, ಇಲ್ಲಿ ಬೇರೆ ಮಾನದಂಡ, ಆದರೂ ಇದೇ ಕಲಿಸುತ್ತಾರೆ.

ಹಾಗಾಗಿ ನನ್ನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಇದು ಚೆನ್ನಾಗಿ ಗೊತ್ತು. ಕನ್ನಡಕ್ಕೆ ಬಂದರೆ ಗೊತ್ತಾಗುವುದಿಲ್ಲ. ಯಾಕೆ ಅಂತ ಒಂದು ವರ್ಷ ತಲೆ ಕೆಡಿಸಿಕೊಂಡೆ. ಉತ್ತರ ದಿಕ್ಕಿನಲ್ಲಿತ್ತು! ಇಂಗ್ಲಿಷಿನಲ್ಲಿ ಹೆಚ್ಚಾಗಿ ಆದದ್ದು ಮೊದಲು ಬರುತ್ತದೆ, ಆಮೇಲೆ ಬಿಕಾಸ್, ಅದರ ಬಲಕ್ಕೆ ಕಾರಣ. ಕಾರಣ ಬೇಕಾದರೆ ಬಲಕ್ಕೆ ನೋಡು ಅಂತ ಅವರ ಕಣ್ಣು ಪಳಗಿದೆ. ನಮ್ಮಲ್ಲಿ "ಹೂಳು ತುಂಬಿದ್ದರಿಂದ ನೀರು ನಿಂತಿತು". ಕಾರಣ ಎಡಕ್ಕೆ. "ಏಕೆಂದರೆ" ಇದ್ದರೆ ಮಾತ್ರ ಬಲಕ್ಕೆ. ಈಗ ನಾನು ಬೋರ್ಡಿನ ಮೇಲೆ ಬಾಲದಿಂದ ಹಿಂದಕ್ಕೆ ಬಾಣ ಎಳೆಸುತ್ತೇನೆ. "ದ್ದರಿಂದ" ಕಂಡರೆ ಹಿಂದೆ ತಿರುಗು. "ಏಕೆಂದರೆ" ಕಂಡರೆ ಮುಂದೆ ಹೋಗು. "ಆದ್ದರಿಂದ" ಕಂಡರೆ ಹಿಂದಿನ ವಾಕ್ಯಕ್ಕೆ ಹೋಗು, ಕಾರಣ ಅಲ್ಲಿ ಕೂತಿರುತ್ತದೆ.

ಗೂಡಿನೂರು ಮೇಡಂ, ನಿಮ್ಮ ಕೆರೆ ಹುಡುಗಿಯ ಬೆರಳು ಎರಡು ಸಾಲು ಹಿಂದೆ ಹೋಗಬೇಕಿತ್ತು, ಅಷ್ಟೇ.

ಗೂಡಿನೂರು ಟೀಚರ್

ಟೆಕ್ಸಾಸ್ ಅಕ್ಕ, ಇದನ್ನು ಓದಿ ಮೈ ಜುಮ್ಮೆಂದಿತು. ಬಾಣದ ಉಪಾಯ ನಾಳೆಯೇ ಮಾಡುತ್ತೇನೆ.

ಡಯಟ್ ಹುಡುಗಿ

ನಾನು ಡಿ.ಎಲ್.ಎಡ್. (ಶಿಕ್ಷಕರ ತರಬೇತಿ) ಓದುತ್ತಿದ್ದೇನೆ, ಇದರ ಬಗ್ಗೆ ಸೆಮಿನಾರ್ ಮಾಡಿದ್ದೆ. ಬಾನಿ ಮೇಯರ್ ಮತ್ತು ಜೊತೆಯವರು 1980ರಲ್ಲಿ ಒಂಬತ್ತನೇ ತರಗತಿ ಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ. ಬರೆದವರು ಯಾವ ಚೌಕಟ್ಟಿನಲ್ಲಿ ಬರೆದಿದ್ದಾರೋ ಅದೇ ಚೌಕಟ್ಟನ್ನು ಹಿಡಿದು ನೆನಪಿಟ್ಟುಕೊಂಡ ಮಕ್ಕಳಿಗೆ ವಿಷಯ ಜಾಸ್ತಿ ನೆನಪಿತ್ತು. ಆಮೇಲೆ ಜೊಆನಾ ವಿಲಿಯಮ್ಸ್ ಅನ್ನುವವರು ನ್ಯೂಯಾರ್ಕಿನಲ್ಲಿ ಎರಡನೇ ತರಗತಿ ಮಕ್ಕಳಿಗೆ ಪ್ರಾಣಿಗಳ ಪಾಠದ ಮೂಲಕ ಹೋಲಿಕೆಯ ರಚನೆ ಕಲಿಸಿದರು. ಅಷ್ಟು ಚಿಕ್ಕ ಮಕ್ಕಳೂ ಕಲಿತರು, ಹೊಸ ಬರಹಕ್ಕೂ ಅದನ್ನು ಬಳಸಿದರು, ಪ್ರಾಣಿಗಳ ವಿಷಯ ಕಲಿಯುವುದರಲ್ಲೂ ಹಿಂದೆ ಬೀಳಲಿಲ್ಲ. ನಿವೃತ್ತ ಶಿಕ್ಷಕರು "ತಾನೇ ಬರುತ್ತದೆ" ಅಂದರಲ್ಲ, ಕೆಲವರಿಗೆ ಬರುತ್ತದೆ ಸರ್. ಮನೆ ತುಂಬಾ ಪುಸ್ತಕ ಇರುವವರಿಗೆ. ನಮ್ಮ ಶಾಲೆಗಳ ಮಕ್ಕಳಿಗೆ ನಾವು ತೋರಿಸದಿದ್ದರೆ ಯಾರು ತೋರಿಸುತ್ತಾರೆ?

ನಿವೃತ್ತ ಶಿಕ್ಷಕ

ಮಗಳೇ, ಆ ಕೊನೆಯ ಮಾತು ಸರಿ. ಮನೆಯಲ್ಲಿ ಪುಸ್ತಕ ಇದ್ದವರು, ಇಲ್ಲದವರು ಅನ್ನುವ ವ್ಯತ್ಯಾಸ ನಾನು ಯೋಚಿಸಿರಲಿಲ್ಲ. ಮಾಹಿತಿ ಪಾಠಕ್ಕೆ ತೋರಿಸಿ. ಕಥೆಯನ್ನು ಮಾತ್ರ ಮೊದಲು ಪೂರ್ತಿ ಕೇಳಲು ಬಿಡಿ, ಅದು ನನ್ನ ಬೇಡಿಕೆ.

ಮಲೆನಾಡ ಮಿಸ್

ಪುಸ್ತಕದ ಮಾತು ಬಂತು. 2020ರಲ್ಲಿ ಸರ್ಕಾರದ "ಓದುವ ಬೆಳಕು" ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಡುತ್ತಾರೆ. ಕಥೆ ಪುಸ್ತಕ ಬೇಗ ಖಾಲಿಯಾಗುತ್ತದೆ, ಮಾಹಿತಿ ಪುಸ್ತಕ ಅಲ್ಲೇ ಕೂತಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಬೇಕಂತಲೇ ಒಂದು ಕಥೆ, ಒಂದು ಮಾಹಿತಿ ಪುಸ್ತಕ ತೆಗೆದುಕೊಳ್ಳಿ ಅನ್ನುತ್ತೇನೆ. ಕಥೆ ಮೊದಲ ಪುಟದಿಂದ ಓದಬೇಕು, ಇನ್ನೊಂದನ್ನು ಎಲ್ಲಿಂದ ಬೇಕಾದರೂ ಶುರು ಮಾಡಬಹುದು ಅಂದಾಗ ಅವರ ಕಣ್ಣು ಅರಳಿತು. ನಡುವಿನಿಂದ ಓದಿದರೆ ತಪ್ಪು ಅಂತ ಅಷ್ಟು ದಿನ ಅಂದುಕೊಂಡಿದ್ದರಂತೆ.

ಎರಡು ಮಕ್ಕಳ ಅಮ್ಮ

ಒಂದು ಪ್ರಶ್ನೆ. ಒಂದೇ ಪಾಠದಲ್ಲಿ ಕಾರಣವೂ ಹೋಲಿಕೆಯೂ ಎರಡೂ ಇದ್ದರೆ ಯಾವ ಬಗೆ ಅಂತ ಹೇಳುವುದು? ವರ್ಕ್‌ಶೀಟಿನಲ್ಲಿ ಒಂದಕ್ಕೇ ಟಿಕ್ ಹಾಕಬೇಕು.

ಧಾರವಾಡದ ಅಕ್ಕೋರು

ತಾಯಿ, ಆ ಟಿಕ್ಕನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಒಂದೊಂದು ಪ್ಯಾರಾಕ್ಕೆ ಒಂದೊಂದು ಆಕಾರ ಇರಬಹುದು. "ಈ ಪ್ಯಾರಾ ಇಲ್ಲದಿದ್ದರೆ ನಮಗೆ ಏನು ಗೊತ್ತಾಗುತ್ತಿರಲಿಲ್ಲ?" ಅಂತ ಮಗಳನ್ನು ಕೇಳಿ. "ಯಾಕೆ ಆಯಿತು ಅಂತ ಗೊತ್ತಾಗುತ್ತಿರಲಿಲ್ಲ" ಅಂದರೆ ಅದು ಕಾರಣದ ಪ್ಯಾರಾ. ಹೆಸರು ಆಮೇಲೆ ಬರಲಿ.

ಗೂಡಿನೂರು ಟೀಚರ್

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳಬೇಕು.

ಬಾಣ ಎಳೆಯುವುದು ಚೆನ್ನಾಗಿ ಹತ್ತಿತು. ಕೆರೆ ಹುಡುಗಿ ಈಗ "ದ್ದರಿಂದ" ಸಿಕ್ಕ ಕೂಡಲೇ ಪೆನ್ಸಿಲ್ ಹಿಂದಕ್ಕೆ ಎಳೆಯುತ್ತಾಳೆ. ಮನೆಮಾತು-ಪುಸ್ತಕಮಾತು ಪಟ್ಟಿಯೂ ಗೋಡೆಗೆ ಬಂತು. ಆದರೆ ನಾನು ಹೇಳಬೇಕಾಗಿರುವುದು ರೇಷ್ಮೆ ಹುಳುವಿನ ಪಾಠದ ಬಗ್ಗೆ.

ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ಹುಳು ಸಾಕುತ್ತಾರೆ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ರಾಮನಗರದ್ದು ಅನ್ನುವುದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು. ಪಾಠ ಓದುವ ಮೊದಲು "ಹುಳುವಿನ ಕೆಲಸ ಮೊದಲಿಂದ ಕೊನೇವರೆಗೆ ಬರೆಯಿರಿ, ಬಾಣ ಹಾಕಿ" ಅಂದೆ. ಎಲ್ಲರೂ ನೇರ ಗೆರೆ ಎಳೆದರು. ಚಾಕಿ ಹುಳು ತರುವುದು, ಸೊಪ್ಪು ಹಾಕುವುದು, ಜ್ವರ, ಮತ್ತೆ ಸೊಪ್ಪು, ಮತ್ತೆ ಜ್ವರ, ಹಣ್ಣು ಹುಳು ಆರಿಸಿ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಮಾರ್ಕೆಟ್ಟು, ದುಡ್ಡು. (ಗೊತ್ತಿಲ್ಲದವರಿಗೆ: ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಅದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಚಾಕಿ ಹುಳು ಅಂದರೆ ಮರಿ ಹುಳು. ಹಣ್ಣು ಹುಳು ಅಂದರೆ ಗೂಡು ಕಟ್ಟಲು ತಯಾರಾದದ್ದು. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟುವ ತಟ್ಟೆ.) ಒಬ್ಬ ಹುಡುಗ ಪ್ರತಿ ಜ್ವರಕ್ಕೂ ಎಷ್ಟು ಹೊತ್ತು ಸೊಪ್ಪು ಹಾಕಬಾರದು ಅಂತಲೂ ಬರೆದಿದ್ದ.

ಆಮೇಲೆ ಜೀವನ ಚಕ್ರದ ಚಿತ್ರ ತೋರಿಸಿದೆ. ಮೊಟ್ಟೆ, ಹುಳು, ಗೂಡಿನೊಳಗೆ ಕೋಶ, ಪತಂಗ, ಮತ್ತೆ ಮೊಟ್ಟೆ. ದುಂಡಗೆ. ಎರಡನ್ನೂ ಪಕ್ಕ ಪಕ್ಕ ಇಟ್ಟು "ಯಾವುದು ಸರಿ?" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೆರೆ ಹುಡುಗಿಯೇ ಎದ್ದು ನಿಂತಳು. "ಮಿಸ್, ನಮ್ದು ಮಾರೋರ ಗೆರೆ. ಪುಸ್ತಕದ್ದು ಹುಳುವಿನ ಗೆರೆ. ನಾವು ಗೂಡು ಮಾರ್ತೀವಲ್ಲ, ಅದಕ್ಕೆ ನಮ್ದು ಅಲ್ಲಿಗೇ ನಿಂತೋಗುತ್ತೆ. ಹುಳುಗೆ ನಿಲ್ಲಲ್ಲ."

ನಾನು ಯಾವ ಚಾರ್ಟಿನಿಂದಲೂ ಇದನ್ನು ಹೇಳಿಕೊಡಲು ಆಗುತ್ತಿರಲಿಲ್ಲ. ಒಂದೇ ವಿಷಯ, ಬರೆಯುವವರಿಗೆ ಏನು ಬೇಕೋ ಅದರ ಮೇಲೆ ಆಕಾರ ಬದಲಾಗುತ್ತದೆ ಅಂತ ಹತ್ತು ವರ್ಷದ ಮಗು ಹೇಳಿತು. ಮತ್ತೆ ಅವಳ ಆ "ಅದಕ್ಕೆ" ಗಮನಿಸಿದಿರಾ ಅಕ್ಕೋರೇ?

ಈಗ ತರಗತಿಯವರು ಸೇರಿ ಮೂರನೇ ತರಗತಿಯ ಮಕ್ಕಳಿಗೆ ಹುಳುವಿನ ಪುಸ್ತಕ ಬರೆಯುತ್ತಿದ್ದಾರೆ. ಹಳೇ ನೋಟ್‌ಬುಕ್ಕಿನ ಹಾಳೆ, ದಾರದಲ್ಲಿ ಹೊಲಿದಿದ್ದು. ಪರಿವಿಡಿ ಇದೆ, ಪುಟದ ಸಂಖ್ಯೆ ಇದೆ, ಚಿತ್ರದ ಕೆಳಗೆ ಅಡಿಬರಹ ಇದೆ. ಜ್ವರ, ಚಂದ್ರಿಕೆ, ಹಣ್ಣು ಹುಳು ದಪ್ಪ ಅಕ್ಷರದಲ್ಲಿ ಬರೆದು ಕೊನೆಯಲ್ಲಿ ಅರ್ಥ ಕೊಟ್ಟಿದ್ದಾರೆ. ಸೊಪ್ಪಿನ ಲೆಕ್ಕಕ್ಕೆ ಕೋಷ್ಟಕ ಬೇಕು ಅಂದಿದ್ದು ಕೋಷ್ಟಕವನ್ನು ಒಂದೇ ಉಸಿರಿನಲ್ಲಿ ಓದಿದ್ದ ಅದೇ ಹುಡುಗ.

ಮಲೆನಾಡ ಮಿಸ್

ಮೇಡಂ, ಆ ಪುಸ್ತಕದ ಫೋಟೋ ಹಾಕಿ ದಯವಿಟ್ಟು!

ಗೂಡಿನೂರು ಟೀಚರ್

ಹಾಕುತ್ತೇನೆ, ಒಂದು ಪುಟ ಬಾಕಿ ಇದೆ. ಪತಂಗದ ಪುಟದಲ್ಲಿ ಚಿತ್ರದ ಜಾಗ ಖಾಲಿ. ಕೆಳಗೆ ಅಡಿಬರಹ ಮಾತ್ರ ಬರೆದಿದ್ದಾರೆ, "ಗೂಡಿನಿಂದ ಹೊರಗೆ ಬಂದ ಚಿಟ್ಟೆ". ಪುಸ್ತಕದ ಚಿತ್ರ ನೋಡಿ ಬರೆಯಿರಿ ಅಂದೆ. ಆಗಲ್ಲ ಮಿಸ್, ನಾವು ಯಾರೂ ನೋಡೇ ಇಲ್ಲ ಅಂದರು. ನಿಜ, ಚಿಟ್ಟೆ ಬರುವ ಮೊದಲೇ ಗೂಡು ಮಾರ್ಕೆಟ್ಟಿಗೆ ಹೋಗಿರುತ್ತದೆ. ಈ ಸಲ ಕೆರೆ ಹುಡುಗಿಯ ಅಜ್ಜಿ ನಾಲ್ಕು ಗೂಡು ಮಾರದೆ ಎತ್ತಿಟ್ಟು ಕೊಟ್ಟಿದ್ದಾರೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕಿಟಕಿ ಪಕ್ಕ ಇಟ್ಟಿದ್ದೇವೆ. ಇವತ್ತಿಗೆ ಗೂಡು ಕಟ್ಟಿ ಒಂಬತ್ತು ದಿನ.